ರಷ್ಯನ್ ಓದುವ ಆಸೆಯೇ? ಕತಾರಿನ ಕನ್ನಡ ಮನೆಗಳಿಗೊಂದು ಕೈಪಿಡಿ

ಹೋದ ಚಳಿಗಾಲದ ಒಂದು ಶುಕ್ರವಾರ ದೋಹಾದ ಅಬು ಹಮೂರಿನಲ್ಲಿರುವ ಪರಿಚಿತರ ಮನೆಗೆ ಊಟಕ್ಕೆ ಹೋಗಿದ್ದೆ. ಉಡುಪಿ ಕಡೆಯವರು. ನೀರುದೋಸೆ ಬಡಿಸುತ್ತಾ ಮನೆಯಾಕೆ ಮಗಳ ಓದಿನ ಮಾತೆತ್ತಿದರು. ಹುಡುಗಿ ಹನ್ನೊಂದನೇ ತರಗತಿಯಲ್ಲಿದ್ದಳು. “ಅಂಕಲ್, ನಾನು ಬಿ.ಎ. ರಷ್ಯನ್ ಮಾಡ್ಬೇಕು ಅಂತಿದ್ದೀನಿ” ಎಂದಳು. ಅಪ್ಪ ತಟ್ಟೆಯಿಂದ ತಲೆಯೆತ್ತಿ, “ಎಂಜಿನಿಯರಿಂಗ್ ಬೇಡ ಅಂದಳು, ಆಯ್ತು ಅಂದೆ. ಮೆಡಿಕಲ್ ಬೇಡ ಅಂದಳು, ಅದಕ್ಕೂ ಆಯ್ತು ಅಂದೆ. ಈ ರಷ್ಯನ್ ಓದಿ ಏನು ಮಾಡೋದು, ನೀವೇ ಹೇಳಿ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಮಗಳು ತಿಳಿಯದ ದಾರಿಗೆ ಕಾಲಿಡುತ್ತಿದ್ದಾಳೆ, ಕೈಹಿಡಿದು ನಡೆಸೋಣವೆಂದರೆ ಆ ದಾರಿ ತನಗೂ ಗೊತ್ತಿಲ್ಲ ಎಂಬ ಗಾಬರಿ.

ಅಂದು ಆ ಮನೆಯಲ್ಲಿ ಸಮಾಧಾನವಾಗಿ ಹೇಳಲಾಗದೆ ಹೋದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಸುತ್ತಮುತ್ತ ಅರಬ್ಬಿ ಕೇಳಿ ಬೆಳೆದ ಕತಾರಿನ ಕನ್ನಡದ ಮಗು ರಷ್ಯನ್ ಕಲಿಯಲು ಬರಿಗೈಯಲ್ಲಿ ಹೊರಟಿರುವುದಿಲ್ಲ. ಅದರ ಚೀಲದಲ್ಲಿ ಆಗಲೇ ಅರ್ಧ ಸಾಮಾನು ಇದೆ.

ಹೊರ್ಮುಜ್ ದಾಟಿ ಬೀದರಿಗೆ ಬಂದವನು

ರಷ್ಯಾ ನಮಗೆ ದೂರದ ನಾಡು ಅನ್ನಿಸುತ್ತದೆ. ಆದರೆ ರಷ್ಯನ್ನರು ಭಾರತವನ್ನು ಕಣ್ಣಾರೆ ಕಂಡು ಬರೆದ ಮೊದಲ ಪ್ರವಾಸಕಥನದ ಬಹುಭಾಗ ನಡೆಯುವುದು ನಮ್ಮ ಬೀದರಿನಲ್ಲಿ. ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ ವೋಲ್ಗಾ ನದಿಗುಂಟ ಇಳಿದು, ಕ್ಯಾಸ್ಪಿಯನ್ ಸಮುದ್ರ ದಾಟಿ, ಪರ್ಷಿಯಾದ ಮೂಲಕ ಹೊರ್ಮುಜ್‌ಗೆ ಬಂದ. ದೋಹಾದ ಕಾರ್ನಿಶ್‌ನಲ್ಲಿ ನಿಂತರೆ ಎದುರಿಗೆ ಕಾಣುವ ಕೊಲ್ಲಿಯ ಬಾಯಿ ಅದು. ಅಲ್ಲಿಂದ ಒಂದು ಕುದುರೆಯನ್ನು ಹಡಗಿಗೇರಿಸಿಕೊಂಡು ಭಾರತಕ್ಕೆ ಹೊರಟ. ಜುನ್ನಾರಿನ ಖಾನ ಆ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಎಂದ. ಖುರಾಸಾನಿನವನೊಬ್ಬ ನಡುವೆ ಬಂದು ಬಿಡಿಸಿಕೊಟ್ಟ. ಕೊನೆಗೆ 1470ರ ಆಸುಪಾಸಿನಲ್ಲಿ ಬಹಮನಿ ಸುಲ್ತಾನರ ರಾಜಧಾನಿ ಬೀದರಿನಲ್ಲಿ ನಿಕಿತಿನ್ ಆ ಕುದುರೆಯನ್ನು ಮಾರಿದ. ಆಗ ಅಲ್ಲಿ ಮಂತ್ರಿಯಾಗಿದ್ದವನು ಮಹಮೂದ್ ಗವಾನ್. ಸುಲ್ತಾನನ ಆನೆಗಳ ಮೆರವಣಿಗೆ, ಆಳಂದದಲ್ಲಿ ಸೇರುವ ಕುದುರೆ ಸಂತೆ, ಜನರ ಊಟ ಉಡುಗೆ ಎಲ್ಲವನ್ನೂ ನಿಕಿತಿನ್ ಬರೆದಿಟ್ಟ. ಊರು ತಲುಪುವ ಮೊದಲೇ, ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ಅವನ ಹೊತ್ತಿಗೆಗಳು 1475ರಲ್ಲಿ ಮಾಸ್ಕೋ ಸೇರಿದವು.

‘ಮೂರು ಸಮುದ್ರಗಳಾಚೆಯ ಪಯಣ’ ಎಂಬ ಆ ಕಥನದಲ್ಲಿ ಭಾಷೆ ಕಲಿಯುವವರು ಗಮನಿಸಬೇಕಾದ ಸಂಗತಿಯೊಂದಿದೆ. ರಷ್ಯನ್‌ನಲ್ಲಿ ಬರೆಯುತ್ತಾ ಬರೆಯುತ್ತಾ ಅವನು ತುರ್ಕಿ, ಪಾರಸಿ, ಅರಬ್ಬಿ ಬೆರೆತ ಮಾತಿಗೆ ಹೊರಳುತ್ತಾನೆ. ಕೊನೆಯ ಪ್ರಾರ್ಥನೆಯೂ ಆ ಬೆರಕೆ ಭಾಷೆಯಲ್ಲೇ ಇದೆ. ಒಬ್ಬನೇ ಮನುಷ್ಯನ ನಾಲಿಗೆಯ ಮೇಲೆ ವೋಲ್ಗಾ, ಕೊಲ್ಲಿ, ದಖ್ಖನ್ ಮೂರೂ ಕೂಡಿದ್ದವು. ದೋಹಾದ ಕನ್ನಡದ ಮಗು ಇಂದು ನಡೆಯಹೊರಟಿರುವುದು ಅದೇ ದಾರಿಯಲ್ಲಿ, ಎದುರು ದಿಕ್ಕಿನಿಂದ.

ಪದವಿಯಲ್ಲಿ ಓದುವುದೇನು?

ರಷ್ಯನ್ ಬಿ.ಎ. ಎಂದರೆ ಬರೀ ಮಾತು ಕಲಿಯುವುದು ಎಂದು ಹಲವರು ತಿಳಿದಿದ್ದಾರೆ. ಮಾತು ಅದರ ಅಡಿಪಾಯವಷ್ಟೆ. ಸಾಮಾನ್ಯವಾಗಿ ಮೊದಲ ವರ್ಷ ಅಕ್ಷರ, ಉಚ್ಚಾರ, ವ್ಯಾಕರಣ, ಸರಳ ಸಂಭಾಷಣೆಗೆ ಹೋಗುತ್ತದೆ. ಎರಡನೆಯ ವರ್ಷ ಪತ್ರಿಕೆ ಓದುವುದು, ಬರೆಯುವುದು, ಜೊತೆಗೆ ರಷ್ಯಾದ ಚರಿತ್ರೆ ಮತ್ತು ಭೂಗೋಳ. ಮೂರನೆಯ ವರ್ಷದ ಹೊತ್ತಿಗೆ ಪುಷ್ಕಿನ್, ಗೊಗೊಲ್, ಟಾಲ್‌ಸ್ಟಾಯ್, ದಸ್ತಯೇವ್‌ಸ್ಕಿ, ಚೆಕೊವ್ ಅವರ ಬರಹಗಳನ್ನು ಮೂಲದಲ್ಲೇ ಓದಿಸುತ್ತಾರೆ, ಅನುವಾದ ಮತ್ತು ದುಭಾಷಿ ಕೆಲಸದ ತರಬೇತಿಯೂ ಶುರುವಾಗುತ್ತದೆ.

ಚರಿತ್ರೆ, ಭೂಗೋಳದ ಜೊತೆಗೆ ಬರುವ ಪ್ರಾದೇಶಿಕ ಸಂಸ್ಕೃತಿಯ ಪಾಠವನ್ನು ಹಗುರವಾಗಿ ನೋಡಬೇಡಿ. ರಷ್ಯಾದಲ್ಲಿ 11 ಕಾಲವಲಯಗಳಿವೆ. ತತಾರರು, ಬಷ್ಕೀರರು, ಚೆಚೆನ್ನರು, ದಾಗೆಸ್ತಾನದ ಅವಾರರು, ಬೌದ್ಧ ಮತದ ಬುರ್ಯಾತರು ಮತ್ತು ಕಲ್ಮೀಕರು ಎಲ್ಲರೂ ಅಲ್ಲಿಯ ಪ್ರಜೆಗಳೇ. ರಸೂಲ್ ಗಮ್ಜಾತೊವ್ ಕವಿತೆ ಬರೆದದ್ದು ಅವಾರ್ ಭಾಷೆಯಲ್ಲಿ, ಜಗತ್ತು ಅವನನ್ನು ಓದಿದ್ದು ರಷ್ಯನ್ ಮೂಲಕ. ಕಿರ್ಗಿಜ್ ಲೇಖಕ ಚಿಂಗಿಜ್ ಐತ್ಮಾತೊವ್ ಎರಡೂ ಭಾಷೆಗಳಲ್ಲಿ ಬರೆದ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡಿ, ಕನ್ನಡದಲ್ಲಿ ಓದಿ, ಇಂಗ್ಲಿಷಿನಲ್ಲಿ ಕೆಲಸ ಮಾಡುವ ನಮ್ಮ ಕರಾವಳಿಯವರಿಗೆ ಈ ಬಗೆಯ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡ ಬಲ್ಲವರಿಗೆ ಸಿಗುವ ಆಸರೆ

ಆ ಹುಡುಗಿಯ ನೋಟುಬುಕ್ಕಿನಲ್ಲಿ ಊಟವಾದ ಮೇಲೆ ನಾವಿಬ್ಬರೂ ಒಂದು ಪಟ್ಟಿ ಬರೆದೆವು. ರಷ್ಯನ್‌ನಲ್ಲಿ ಪುಸ್ತಕಕ್ಕೆ ‘ಕ್ನೀಗಾ’ ಎನ್ನುತ್ತಾರೆ. ಆ ಭಾಷೆಗೆ ಆರು ವಿಭಕ್ತಿ. ಇಂಗ್ಲಿಷ್ ಮಾತ್ರ ಬಲ್ಲವರು ಮೊದಲು ಮುಗ್ಗರಿಸುವುದು ಇಲ್ಲೇ. ನಾವು ಎಡಬದಿಗೆ ಕನ್ನಡ, ಬಲಬದಿಗೆ ರಷ್ಯನ್ ಬರೆಯುತ್ತಾ ಹೋದೆವು:

ಪುಸ್ತಕ – ಕ್ನೀಗಾ
ಪುಸ್ತಕದ – ಕ್ನೀಗಿ
ಪುಸ್ತಕಕ್ಕೆ – ಕ್ನೀಗೆ
ಪುಸ್ತಕವನ್ನು – ಕ್ನೀಗು
ಪುಸ್ತಕದಿಂದ (ಸಾಧನವಾಗಿ) – ಕ್ನೀಗೊಯ್
ಪುಸ್ತಕದಲ್ಲಿ – ವ್ ಕ್ನೀಗೆ

ಹುಡುಗಿ ಪಟ್ಟಿಯನ್ನು ಒಮ್ಮೆ ನೋಡಿ, “ಇದು ಅಜ್ಜಿ ಕಲಿಸಿದ ‘ರಾಮನು, ರಾಮನನ್ನು’ ಥರಾನೇ ಇದೆಯಲ್ಲ” ಎಂದಳು. ಅವಳಿಗೆ ಸಿಕ್ಕಿದ್ದು ಸರಿಯಾದ ಎಳೆ. ನಾಮಪದದ ಬಾಲ ಬದಲಾದರೆ ವಾಕ್ಯದಲ್ಲಿ ಅದರ ಪಾತ್ರವೂ ಬದಲಾಗುತ್ತದೆ ಎಂಬುದು ಕನ್ನಡಿಗರಿಗೆ ಹುಟ್ಟಿನಿಂದಲೇ ಗೊತ್ತು. ಪದಗಳನ್ನು ವಾಕ್ಯದಲ್ಲಿ ಆಚೀಚೆ ಮಾಡಿದರೂ ಅರ್ಥ ಕೆಡದೆ ಒತ್ತು ಮಾತ್ರ ಬದಲಾಗುವುದು ಎರಡು ಭಾಷೆಗಳಲ್ಲೂ ಉಂಟು.

ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ‘ನನಗೆ ಚಳಿ’ ಎನ್ನಲು ರಷ್ಯನ್ನರು ‘ಮ್ನ್ಯೆ ಖೋಲದ್ನ’ ಎನ್ನುತ್ತಾರೆ. ‘ಮ್ನ್ಯೆ’ ಎಂದರೆ ‘ನನಗೆ’. ‘ನನಗೆ ಹದಿನೆಂಟು ವರ್ಷ’ ಎನ್ನುವಾಗಲೂ ಅದೇ ‘ಮ್ನ್ಯೆ’. ‘ಇವನು ನನ್ನ ಅಣ್ಣ’ ಎಂಬ ಮಾತಿಗೆ ನಾವು ಕ್ರಿಯಾಪದ ಸೇರಿಸುವುದಿಲ್ಲ, ಅವರೂ ಸೇರಿಸುವುದಿಲ್ಲ. ‘ನನ್ನ ಹತ್ತಿರ ಪುಸ್ತಕ ಇದೆ’ ಎಂಬುದು ಅವರಲ್ಲಿ ‘ಉ ಮಿನ್ಯಾ ಯೆಸ್ತ್ ಕ್ನೀಗಾ’. ಅಲ್ಲೂ ಪುಸ್ತಕ ನನ್ನ ಹತ್ತಿರ ಇರುತ್ತದೆಯೇ ಹೊರತು ನಾನು ಪುಸ್ತಕವನ್ನು ಹೊಂದುವುದಿಲ್ಲ. ‘ಓದುತ್ತಿದ್ದೆ’ ಮತ್ತು ‘ಓದಿಬಿಟ್ಟೆ’ ನಡುವಣ ವ್ಯತ್ಯಾಸ ನಮಗೆ ಸಲೀಸು. ರಷ್ಯನ್‌ನಲ್ಲಿ ಅದಕ್ಕೆ ‘ಚಿತಾಲ್’, ‘ಪ್ರಚಿತಾಲ್’ ಎಂಬ ಜೋಡಿಯಿದೆ, ಬಹುತೇಕ ಎಲ್ಲ ಕ್ರಿಯಾಪದಗಳಿಗೂ ಇಂಥ ಜೋಡಿ ಇರುತ್ತದೆ. ‘ನೀನು’, ‘ನೀವು’ ಇದ್ದಂತೆ ‘ತಿ’, ‘ವಿ’ ಇವೆ. ಹಿರಿಯರನ್ನು ಹೆಸರಿನೊಡನೆ ಅಪ್ಪನ ಹೆಸರು ಸೇರಿಸಿ ‘ಇವಾನ್ ಪೆತ್ರೋವಿಚ್’ ಎಂದು ಕರೆಯುವುದು ಅಲ್ಲಿಯ ಮರ್ಯಾದೆ.

ಕಷ್ಟಗಳೂ ಇವೆ, ಅವನ್ನು ಮುಚ್ಚಿಡಬಾರದು. ನಮ್ಮಲ್ಲಿ ಲಿಂಗ ಅರ್ಥವನ್ನು ನೋಡಿಕೊಂಡು ಬರುತ್ತದೆ. ರಷ್ಯನ್‌ನಲ್ಲಿ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕಲಿಂಗ. ಪದದ ಕೊನೆಯನ್ನು ನೋಡಿ ಗುರುತಿಸಬೇಕು. ಒತ್ತು ಯಾವ ಅಕ್ಷರದ ಮೇಲೆ ಬೀಳುತ್ತದೆಂದು ಪ್ರತಿ ಪದಕ್ಕೂ ನೆನಪಿಡಬೇಕು, ಒತ್ತು ಬೀಳದ ‘ಒ’ ಕಾರ ‘ಅ’ ಎಂದು ಕೇಳಿಸುತ್ತದೆ. ನಡೆದು ಹೋಗುವುದಕ್ಕೂ ವಾಹನದಲ್ಲಿ ಹೋಗುವುದಕ್ಕೂ ಬೇರೆ ಬೇರೆ ಕ್ರಿಯಾಪದ. ಇಂಗ್ಲಿಷ್ ಮಾತೃಭಾಷೆಯವರಿಗೆ ಕೆಲಸಕ್ಕೆ ಸಾಕಾಗುವಷ್ಟು ರಷ್ಯನ್ ಬರಲು ಸುಮಾರು 1,100 ಗಂಟೆಗಳ ತರಗತಿ ಬೇಕು ಎಂದು ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಲೆಕ್ಕ ಹಾಕಿದೆ. ಕನ್ನಡದ ಮಗುವಿಗೆ ವಿಭಕ್ತಿಯ ಏರು ಹಗುರವಾದೀತು, ಉಳಿದ ಏರು ಎಲ್ಲರಂತೆಯೇ ಹತ್ತಬೇಕು. ದಿನಕ್ಕೆ ಒಂದು ಗಂಟೆ ಕೊಡುವ ಮನಸ್ಸಿದ್ದರೆ ಮಾತ್ರ ಈ ಓದಿಗೆ ಕೈಹಾಕಿ.

ಅರಬ್ಬಿ ಕೊಡುವ ಆಸರೆ

ಕತಾರಿನ ಶಾಲೆಯಲ್ಲಿ ಕಲಿತ ಅರಬ್ಬಿಯನ್ನು ಪರೀಕ್ಷೆ ಮುಗಿದ ಕೂಡಲೇ ಮರೆಯುವ ಮಕ್ಕಳೇ ಹೆಚ್ಚು. ರಷ್ಯನ್ ಓದುವವರು ಹಾಗೆ ಮಾಡಬಾರದು. ನಾವು ‘ಖಜಾನೆ’ ಎನ್ನುವುದಕ್ಕೆ ರಷ್ಯನ್ನರು ‘ಕಜ್ನಾ’ ಎನ್ನುತ್ತಾರೆ. ಉತ್ತರ ಕರ್ನಾಟಕದ ‘ಸಂದೂಕ’ ಅಲ್ಲಿ ‘ಸುಂದುಕ್’. ಎರಡರ ಬೇರೂ ಅರಬ್ಬಿಯಲ್ಲಿದೆ. ‘ಬಜಾರು’, ‘ಹಲ್ವಾ’, ‘ಚಹಾ’ ಮೂರು ಕಡೆಯೂ ಗುರುತು ಸಿಗುತ್ತವೆ.

ಪದಗಳಿಗಿಂತ ದೊಡ್ಡ ಸಂಬಂಧ ಚರಿತ್ರೆಯಲ್ಲಿದೆ. ಬಾಗ್ದಾದಿನ ಖಲೀಫನ ರಾಯಭಾರಿ ತಂಡದಲ್ಲಿ 921–922ರಲ್ಲಿ ವೋಲ್ಗಾ ತೀರಕ್ಕೆ ಹೋದ ಇಬ್ನ್ ಫದ್ಲಾನ್ ಅಲ್ಲಿಯ ಬುಲ್ಗಾರರ ಬಗ್ಗೆ, ರುಸ್ ಜನರ ಬಗ್ಗೆ ಅರಬ್ಬಿಯಲ್ಲಿ ಬರೆದ. ರಷ್ಯಾದ ಆದಿಚರಿತ್ರೆ ಬರೆಯುವವರು ಇಂದಿಗೂ ಅದನ್ನು ಎದುರಿಗಿಟ್ಟುಕೊಳ್ಳುತ್ತಾರೆ. ಟಾಲ್‌ಸ್ಟಾಯ್ 1844ರಲ್ಲಿ ಕಜಾನ್ ವಿಶ್ವವಿದ್ಯಾಲಯ ಸೇರಿದ್ದು ಪೌರಸ್ತ್ಯ ಭಾಷೆಗಳ ವಿಭಾಗಕ್ಕೆ, ಅರಬ್ಬಿ ಮತ್ತು ತುರ್ಕಿ ಓದಲೆಂದು. ರಷ್ಯನ್ ಮತ್ತು ಅರಬ್ಬಿ ಎರಡನ್ನೂ ಬಲ್ಲ ಪದವೀಧರರಿಗೆ ತತಾರಸ್ತಾನ, ದಾಗೆಸ್ತಾನ, ಮಧ್ಯ ಏಷ್ಯಾಗಳ ಅಧ್ಯಯನದ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ.

ಕತಾರಿನಲ್ಲಿ ರಷ್ಯನ್‌ಗೆ ಏನು ಕೆಲಸ?

ಅಪ್ಪ ಕೇಳಿದ ಪ್ರಶ್ನೆಗೆ ನೇರ ಉತ್ತರ ದೋಹಾದಲ್ಲೇ ಇದೆ. ಅನಿಲ ರಫ್ತು ಮಾಡುವ ದೇಶಗಳ ವೇದಿಕೆಯ ಶಾಸನಕ್ಕೆ 2008ರ ಡಿಸೆಂಬರ್‌ನಲ್ಲಿ ಮಾಸ್ಕೋದಲ್ಲಿ ಸಹಿ ಬಿತ್ತು, ಅದರ ಕೇಂದ್ರ ಕಚೇರಿ ಬಂದದ್ದು ದೋಹಾಕ್ಕೆ. ಅದರ ಮೊದಲ ಮಹಾಕಾರ್ಯದರ್ಶಿ ಲಿಯೊನಿದ್ ಬೊಖಾನೊವ್‌ಸ್ಕಿ ರಷ್ಯಾದವರು. ಕತಾರಿನ ಹೂಡಿಕೆ ನಿಧಿ ರಷ್ಯಾದ ತೈಲ ಕಂಪನಿ ರೋಸ್ನೆಫ್ಟ್‌ನಲ್ಲಿ ಪಾಲು ಕೊಂಡಿದೆ. 2018ರ ಫುಟ್‌ಬಾಲ್ ವಿಶ್ವಕಪ್ ರಷ್ಯಾದಲ್ಲಿ, 2022ರದ್ದು ಇಲ್ಲಿ. ಅದೇ 2018ನ್ನು ಕತಾರ್–ರಷ್ಯಾ ಸಾಂಸ್ಕೃತಿಕ ವರ್ಷವಾಗಿಯೂ ಆಚರಿಸಲಾಯಿತು. ಯುದ್ಧದಲ್ಲಿ ಮನೆಯವರಿಂದ ದೂರವಾದ ಉಕ್ರೇನಿನ ಮಕ್ಕಳನ್ನು ಮರಳಿ ಕುಟುಂಬಕ್ಕೆ ಸೇರಿಸುವ ಮಧ್ಯಸ್ಥಿಕೆಯನ್ನು 2023ರಿಂದ ಕತಾರ್ ವಹಿಸಿಕೊಂಡಿದೆ. ಅಂಥ ಕೋಣೆಯಲ್ಲಿ ಒಂದು ಮಗುವಿನ ಮಾತನ್ನು ತಪ್ಪಿಲ್ಲದೆ ಇನ್ನೊಂದು ಭಾಷೆಗೆ ದಾಟಿಸುವ ವ್ಯಕ್ತಿಯ ಬೆಲೆ ಎಷ್ಟೆಂದು ಯೋಚಿಸಿ.

ಊರಿನ ಕಡೆ ನೋಡಿದರೆ, ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿದ್ದು ಸೋವಿಯತ್ ನೆಲದಿಂದ. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ತರಬೇತಿ ಪಡೆದದ್ದು ಮಾಸ್ಕೋ ಬಳಿಯ ಗಗಾರಿನ್ ಕೇಂದ್ರದಲ್ಲಿ. ಬ್ರಹ್ಮೋಸ್ ಕ್ಷಿಪಣಿಯ ಹೆಸರೇ ಬ್ರಹ್ಮಪುತ್ರ ಮತ್ತು ಮಾಸ್ಕ್ವಾ ನದಿಗಳ ಕೂಡಿಕೆ. ರಕ್ಷಣೆ, ಅಣುವಿದ್ಯುತ್, ಔಷಧ ರಫ್ತು, ಪ್ರವಾಸೋದ್ಯಮ ಎಲ್ಲ ಕಡೆಯೂ ತಾಂತ್ರಿಕ ಅನುವಾದಕರು ಬೇಕು.

ಆದರೂ ಒಂದು ಕಿವಿಮಾತು: ಭಾಷೆಯ ಪದವಿಯೊಂದನ್ನೇ ನೆಚ್ಚಿಕೊಳ್ಳಬೇಡಿ. ರಷ್ಯನ್ ಜೊತೆಗೆ ಅರಬ್ಬಿ, ಅಥವಾ ರಷ್ಯನ್ ಜೊತೆಗೆ ಅರ್ಥಶಾಸ್ತ್ರ, ಕಾನೂನು, ಅಂತರರಾಷ್ಟ್ರೀಯ ಸಂಬಂಧ, ಇಂಧನ ವ್ಯವಹಾರ ಹೀಗೆ ಎರಡನೆಯ ಕೈಯೊಂದು ಬೇಕು. ಎರಡೂ ಕೈ ಇದ್ದವರನ್ನು ಕೆಲಸ ಹುಡುಕಿಕೊಂಡು ಬರುತ್ತದೆ.

ಎಲ್ಲಿ ಓದಬಹುದು? ನಾಲ್ಕು ದಾರಿಗಳು

*ಮೊದಲನೆಯದು, ಭಾರತ.* ಮಧ್ಯಮವರ್ಗದ ಮನೆಗೆ ನಾನು ಮೊದಲು ಹೇಳುವ ದಾರಿ ಇದೇ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ರಷ್ಯನ್ ಅಧ್ಯಯನ ಕೇಂದ್ರದ ಮೂಲ 1965ರಲ್ಲಿ ಶುರುವಾದ ರಷ್ಯನ್ ಅಧ್ಯಯನ ಸಂಸ್ಥೆಯಲ್ಲಿದೆ. ಅಲ್ಲಿನ ಬಿ.ಎ. ಆನರ್ಸ್ ರಷ್ಯನ್‌ಗೆ ಮೊದಲೇ ಭಾಷೆ ಬರಬೇಕಿಲ್ಲ, ಅಕ್ಷರದಿಂದ ಕಲಿಸುತ್ತಾರೆ. ಶುಲ್ಕ ತೀರಾ ಕಡಿಮೆ. ಪ್ರವೇಶ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ. ಈಚಿನ ವರ್ಷಗಳಲ್ಲಿ ಈ ಪರೀಕ್ಷೆಯನ್ನು ದೋಹಾದಲ್ಲೇ ಬರೆಯಲು ಅವಕಾಶವಿದೆ, ಹಾಗಾಗಿ ಪರೀಕ್ಷೆಗೆಂದು ಊರಿಗೆ ಹಾರಬೇಕಾಗಿಲ್ಲ. ಅರ್ಜಿ ತುಂಬುವಾಗ ನಗರದ ಪಟ್ಟಿಯಲ್ಲಿ ದೋಹಾ ಇದೆಯೇ ಎಂದು ಆ ವರ್ಷವೂ ನೋಡಿಕೊಳ್ಳಿ. ವಿದೇಶಿ ಭಾಷೆಗಳ ಆದ್ಯತೆ ಕೇಳುವ ಕಡೆ ರಷ್ಯನ್ ಅನ್ನು ಮೊದಲಿಗೇ ಬರೆಯಿರಿ.

ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲೂ ರಷ್ಯನ್ ಬಿ.ಎ. ಉಂಟು. ಪ್ರವೇಶದ ವಿಧಾನವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಅಲ್ಲಿ ಓದುವವರು ಒಂದು ಶನಿವಾರ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಬೀದರ್ ಕೋಟೆಯಲ್ಲಿರಬಹುದು. ನಿಕಿತಿನ್ ಬರೆದದ್ದನ್ನು ಅವನು ನಿಂತ ಊರಲ್ಲೇ ಓದಬಹುದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ರೋರಿಕ್ ಗ್ಯಾಲರಿಯನ್ನೂ ರಜೆಯಲ್ಲಿ ನೋಡಿ ಬನ್ನಿ. ರಷ್ಯನ್ ಕಲಾವಿದ ಸ್ವೆತೊಸ್ಲಾವ್ ರೋರಿಕ್, ಪತ್ನಿ ದೇವಿಕಾರಾಣಿಯೊಡನೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿ, 1993ರಲ್ಲಿ ಬೆಂಗಳೂರಿನಲ್ಲೇ ಕಣ್ಮುಚ್ಚಿದರು.

*ಎರಡನೆಯದು, ದೋಹಾದಲ್ಲೇ ಇದ್ದು ಓದುವುದು.* ಎಜುಕೇಶನ್ ಸಿಟಿಯಲ್ಲಿ 2005ರಿಂದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಶಾಖೆಯಿದೆ. ಅಲ್ಲಿ ಸಂಸ್ಕೃತಿ ಮತ್ತು ರಾಜಕೀಯ, ಅಂತರರಾಷ್ಟ್ರೀಯ ಚರಿತ್ರೆ, ಅಂತರರಾಷ್ಟ್ರೀಯ ರಾಜಕೀಯ, ಅಂತರರಾಷ್ಟ್ರೀಯ ಅರ್ಥಶಾಸ್ತ್ರ ಎಂಬ ನಾಲ್ಕು ವಿಷಯಗಳಲ್ಲಿ ಪದವಿ ಸಿಗುತ್ತದೆ. ರಷ್ಯಾ ಮತ್ತು ಮಧ್ಯ ಏಷ್ಯಾದ ಕಡೆ ಒಲವಿರುವವರು ಮೊದಲ ಎರಡರಲ್ಲಿ ಒಂದನ್ನು ಆರಿಸಿ, ಭಾಷೆಯನ್ನು ಬೇರೆಯಾಗಿ ಕಲಿಯುತ್ತಾ, ಒಂದು ಅವಧಿಯನ್ನು ವಾಷಿಂಗ್ಟನ್ನಿನ ಮುಖ್ಯ ಕ್ಯಾಂಪಸ್ಸಿನಲ್ಲಿ ಕಳೆಯುವ ಯೋಜನೆ ಹಾಕಬಹುದು. ಶುಲ್ಕ ಅಮೆರಿಕದ ಮಟ್ಟದ್ದು. ಹಣಕಾಸಿನ ನೆರವಿಗೆ ಪ್ರವೇಶದ ಅರ್ಜಿಯ ಜೊತೆಗೇ ಕೇಳಿಕೊಳ್ಳಬೇಕು, ಆಮೇಲೆ ನೋಡೋಣ ಎಂದರೆ ತಡವಾಗುತ್ತದೆ.

*ಮೂರನೆಯದು, ರಷ್ಯಾ.* ಮಾಸ್ಕೋದ ಪುಷ್ಕಿನ್ ರಷ್ಯನ್ ಭಾಷಾ ಸಂಸ್ಥೆ 1966ರಿಂದ ವಿದೇಶಿಯರಿಗೆ ರಷ್ಯನ್ ಕಲಿಸುವುದನ್ನೇ ಮುಖ್ಯ ಕೆಲಸ ಮಾಡಿಕೊಂಡಿದೆ. 1755ರ ಮಾಸ್ಕೋ ವಿಶ್ವವಿದ್ಯಾಲಯ, ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯ, 1804ರ ಕಜಾನ್ ವಿಶ್ವವಿದ್ಯಾಲಯ, 1960ರಲ್ಲಿ ಆರಂಭವಾದ ಜನಮೈತ್ರಿ ವಿಶ್ವವಿದ್ಯಾಲಯ ಇವೂ ಹೆಸರಾದವು. ಮೊದಲು ಒಂದು ವರ್ಷ ‘ಪೊದ್‌ಫಾಕ್’ ಎನ್ನುವ ಪೂರ್ವಸಿದ್ಧತಾ ವಿಭಾಗದಲ್ಲಿ ಭಾಷೆ ಕಲಿತು, ಆಮೇಲೆ ನಾಲ್ಕು ವರ್ಷದ ಪದವಿ. ಪದವಿ ಸೇರಲು ಸಾಮಾನ್ಯವಾಗಿ ತೊರ್ಫ್ಲ್ ಎಂಬ ರಷ್ಯನ್ ಭಾಷಾ ಪರೀಕ್ಷೆಯ ಬಿ1 ಮಟ್ಟ ಬೇಕು. ರಷ್ಯಾ ಸರ್ಕಾರ ವಿದೇಶಿ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದ ಸೀಟುಗಳನ್ನು ಕೊಡುತ್ತದೆ, ‘ಎಜುಕೇಶನ್ ಇನ್ ರಷ್ಯಾ’ ಎಂಬ ಅಧಿಕೃತ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅರ್ಜಿ ತೆರೆಯುವುದು ಹಿಂದಿನ ವರ್ಷದ ಶರತ್ಕಾಲದಲ್ಲೇ, ಅಂದರೆ ಮಗು ಹನ್ನೆರಡನೇ ತರಗತಿಯಲ್ಲಿರುವಾಗಲೇ. ವಿಮಾನದ ಟಿಕೆಟ್, ವಿಮೆ, ಊಟದ ಖರ್ಚು ನಿಮ್ಮದೇ. ಸಿಗುವ ಮಾಸಿಕ ಭತ್ಯೆ ಚಿಕ್ಕದು.

ಇಲ್ಲಿ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಿಂದ, ಹೊರದೇಶದ ವೀಸಾ ಮತ್ತು ಮಾಸ್ಟರ್‌ಕಾರ್ಡ್‌ಗಳು ರಷ್ಯಾದಲ್ಲಿ ನಡೆಯುತ್ತಿಲ್ಲ. ಹಣ ಕಳಿಸುವ ದಾರಿ ಯಾವುದೆಂದು ವಿಶ್ವವಿದ್ಯಾಲಯವನ್ನೇ ಬರವಣಿಗೆಯಲ್ಲಿ ಕೇಳಿ. ಕೆಲಸದ ಹೆಸರಿನಲ್ಲಿ ಹೋದ ಭಾರತೀಯರು ಸೇನೆಗೆ ಸೇರಿಸಲ್ಪಟ್ಟ ಪ್ರಕರಣಗಳಾಗಿವೆ, ನಮ್ಮ ವಿದೇಶಾಂಗ ಸಚಿವಾಲಯ ಇಂಥ ಆಹ್ವಾನಗಳಿಂದ ದೂರವಿರಿ ಎಂದು ಎಚ್ಚರಿಸಿದೆ. ಓದಿ ಅರ್ಥವಾಗದ ರಷ್ಯನ್ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಹಾಕಬಾರದು. ಮಧ್ಯವರ್ತಿಗೆ ದುಡ್ಡು ಕೊಟ್ಟು ಸೀಟು ಕೊಳ್ಳುವ ಗೋಜೂ ಬೇಡ. ನನ್ನನ್ನು ಕೇಳಿದರೆ, ಈಗಿನ ಕಾಲದಲ್ಲಿ ಹದಿನೆಂಟರ ಮಗುವನ್ನು ನೇರ ರಷ್ಯಾಕ್ಕೆ ಕಳಿಸುವ ಬದಲು, ಭಾರತದಲ್ಲಿ ಪದವಿ ಮುಗಿಸಿ, ಭಾಷೆ ಕೈಗೆ ಬಂದ ಮೇಲೆ ಉನ್ನತ ವ್ಯಾಸಂಗಕ್ಕೆ ಕಳಿಸುವುದು ಮೇಲು.

*ನಾಲ್ಕನೆಯದು, ರಷ್ಯನ್ ಮಾತಾಡುವ ಇತರ ನಾಡುಗಳು ಮತ್ತು ಪಶ್ಚಿಮ.* ಕಜಾಕಸ್ತಾನದ ಅಲ್ಮಾಟಿಯಲ್ಲಿ ಬೀದಿಯಲ್ಲೂ ತರಗತಿಯಲ್ಲೂ ರಷ್ಯನ್ ಧಾರಾಳವಾಗಿ ನಡೆಯುತ್ತದೆ. 1934ರ ಅಲ್-ಫರಾಬಿ ವಿಶ್ವವಿದ್ಯಾಲಯ ಅಲ್ಲಿದೆ. 2022ರ ನಂತರ ರಷ್ಯನ್ ಓದುವ ಅಮೆರಿಕ, ಬ್ರಿಟನ್ನಿನ ವಿದ್ಯಾರ್ಥಿಗಳು ಹೊರದೇಶದಲ್ಲಿ ಕಳೆಯುವ ವರ್ಷಕ್ಕೆ ಅಲ್ಮಾಟಿ, ಬಿಷ್ಕೆಕ್, ಯೆರೆವಾನ್ ಕಡೆ ಹೊರಳಿದ್ದಾರೆ. ಲಂಡನ್ನಿನ ಯುಸಿಎಲ್‌ನಲ್ಲಿ 1915ರಷ್ಟು ಹಳೆಯದಾದ ಸ್ಲಾವಿಕ್ ಮತ್ತು ಪೂರ್ವ ಯುರೋಪ್ ಅಧ್ಯಯನ ಶಾಲೆ ಇದೆ. ಪಾಠ ಬಹಳ ಒಳ್ಳೆಯದು, ಖರ್ಚು ಬಹಳ ದೊಡ್ಡದು.

ಒಂಬತ್ತರಿಂದ ಹನ್ನೆರಡರವರೆಗೆ

ಒಂಬತ್ತು, ಹತ್ತನೇ ತರಗತಿಯಲ್ಲಿ ಆಸೆ ಮೂಡಿದರೆ ಅವಸರ ಬೇಡ. 33 ಅಕ್ಷರ ಕಲಿಯಲು ಎರಡು ವಾರ ಸಾಕು. ಅಕ್ಷರ ಬಂದ ಮೇಲೂ ಆಸೆ ಉಳಿದಿದೆಯೇ ನೋಡಿ. ಉಳಿದಿದ್ದರೆ ಅದು ನಿಜವಾದ ಆಸೆ.

ಹನ್ನೊಂದನೇ ತರಗತಿಯಲ್ಲಿ ದಿನಕ್ಕೊಂದು ಗಂಟೆಯ ಅಭ್ಯಾಸ ಹಿಡಿಯಿರಿ. ಮೆಟ್ರೊದ ಹಸಿರು ಮಾರ್ಗದಲ್ಲಿ ಕತಾರ್ ರಾಷ್ಟ್ರೀಯ ಗ್ರಂಥಾಲಯದ ಹೆಸರಿನದೇ ನಿಲ್ದಾಣವಿದೆ. ಕತಾರ್ ಐಡಿ ಇದ್ದವರಿಗೆ ಸದಸ್ಯತ್ವ ಉಚಿತ. ರಷ್ಯನ್ ಚರಿತ್ರೆಯ ಪುಸ್ತಕಗಳನ್ನು ಅಲ್ಲಿಂದ ತಂದು ಓದಿ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಚೆನ್ನೈನ ರಷ್ಯನ್ ಹೌಸ್‌ನ ಭಾಷಾ ತರಗತಿಗಳ ಬಗ್ಗೆ ವಿಚಾರಿಸಿ. ಶಾಲೆಯ ಅರಬ್ಬಿಯನ್ನು ಬಿಡಬೇಡಿ.

ಹನ್ನೆರಡನೇ ತರಗತಿಯ ಸೆಪ್ಟೆಂಬರ್ ಹೊತ್ತಿಗೆ ಯಾವ ದಾರಿ ಎಂದು ನಿರ್ಧಾರವಾಗಿರಬೇಕು. ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದೆಯೇ ನೋಡಿ. ಸಿಬಿಎಸ್‌ಇ ಪ್ರಮಾಣಪತ್ರ ಭಾರತದ ದಾಖಲೆಯಾದ್ದರಿಂದ ರಷ್ಯಾಕ್ಕೆ ಬೇಕಾದರೆ ಅದರ ಅಪಾಸ್ಟಿಲ್ (ದೃಢೀಕರಣ ಮುದ್ರೆ) ಭಾರತದಲ್ಲೇ ಆಗಬೇಕು. ಊರಲ್ಲಿರುವ ದೊಡ್ಡಪ್ಪನಿಗೋ ಮಾವನಿಗೋ ಈ ಕೆಲಸವನ್ನು ಮೊದಲೇ ವಹಿಸಿ. ಕತಾರಿನಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ನಿವಾಸ ಪರವಾನಗಿಗೆ ತೊಂದರೆಯಾಗುತ್ತದೆ, ಹಾಗಾಗಿ ಓದಲು ಹೋದ ಮಗು ಯಾವಾಗ ಬಂದು ಹೋಗಬೇಕೆಂಬ ಲೆಕ್ಕ ಕ್ಯಾಲೆಂಡರಿನಲ್ಲಿ ಗುರುತಾಗಿರಲಿ. ಹೊರದೇಶದ ಪದವಿಗೆ ಭಾರತದಲ್ಲಿ ಮಾನ್ಯತೆ ಕೊಡುವ ಬಗ್ಗೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. ಸೇರುವ ಮೊದಲೇ ಅದನ್ನು ಓದಿ, ಕೋರ್ಸು ಅದಕ್ಕೆ ಹೊಂದುತ್ತದೆಯೇ ಎಂದು ತಾಳೆ ನೋಡಿ.

ಮನೆಯ ಹಿರಿಯರಿಗೂ ಒಂದು ಕೆಲಸವಿದೆ. ಮಗುವಿನೊಡನೆ ಕನ್ನಡದಲ್ಲೇ ಮಾತಾಡಿ. ಇಂಗ್ಲಿಷಿಗೆ ಜಾರಿದ ಮನೆಯ ಮಗು ಮೇಲೆ ಹೇಳಿದ ವಿಭಕ್ತಿಯ ಆಸರೆಯನ್ನು ಕಳೆದುಕೊಂಡಿರುತ್ತದೆ.

ನಮ್ಮ ಕಪಾಟಿನಲ್ಲಿ ಖಾಲಿ ಇರುವ ಜಾಗ

ಅಂದು ಹೊರಡುವ ಮುನ್ನ ಆ ಅಪ್ಪನಿಗೆ ಏನೋ ನೆನಪಾಯಿತು. “ಚಿಕ್ಕವನಿದ್ದಾಗ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ಹಾಳೆಯಲ್ಲಿ ಪುಸ್ತಕಕ್ಕೆ ಬೈಂಡ್ ಹಾಕ್ತಿದ್ದೆವು, ಎಷ್ಟು ನುಣುಪು ಕಾಗದ” ಎಂದರು. ಆ ತಲೆಮಾರಿನವರಿಗೆಲ್ಲ ಈ ನೆನಪಿದೆ. ಮಾಸ್ಕೋದ ಪ್ರಗತಿ, ರಾದುಗ ಪ್ರಕಾಶನಗಳ ಕನ್ನಡ ಪುಸ್ತಕಗಳನ್ನು ನವಕರ್ನಾಟಕದವರು ಊರೂರಿಗೆ ತಲುಪಿಸಿದರು. ನಿರಂಜನರು ಗಾರ್ಕಿಯ ‘ತಾಯಿ’ಯನ್ನು ಕನ್ನಡಕ್ಕೆ ತಂದರು, ದೇ. ಜವರೇಗೌಡರು ಟಾಲ್‌ಸ್ಟಾಯ್ ಕಾದಂಬರಿಗಳನ್ನು ತಂದರು, ಓ.ಎಲ್. ನಾಗಭೂಷಣಸ್ವಾಮಿಯವರು ಟಾಲ್‌ಸ್ಟಾಯ್, ದಸ್ತಯೇವ್‌ಸ್ಕಿಯರನ್ನು ನಮ್ಮ ಕಾಲದ ಕನ್ನಡದಲ್ಲಿ ಕೊಟ್ಟರು. ಆ ಕಡೆಯಿಂದ ಮಿಖಾಯಿಲ್ ಅಂದ್ರೊನೊವ್ ಎಂಬ ವಿದ್ವಾಂಸ 1960ರ ದಶಕದಲ್ಲಿ ಕನ್ನಡ ಭಾಷೆಯ ಬಗ್ಗೆ ರಷ್ಯನ್‌ನಲ್ಲಿ ಪುಸ್ತಕ ಬರೆದ.

ಆದರೆ ಕನ್ನಡದಲ್ಲಿ ನಾವು ಓದುವ ರಷ್ಯನ್ ಸಾಹಿತ್ಯದ ಬಹುಪಾಲು ಇಂಗ್ಲಿಷಿನ ಮೂಲಕ ಬಂದದ್ದು. ‘ಮ್ನ್ಯೆ ಖೋಲದ್ನ’ ಎಂಬುದು ನೇರವಾಗಿ ‘ನನಗೆ ಚಳಿ’ ಎಂದಾಗಬಹುದಿತ್ತು. ನಡುವೆ ಇಂಗ್ಲಿಷಿನ ಅಂಗಿ ತೊಟ್ಟು, ಕಳಚಿ ಬರುವಾಗ ಎಷ್ಟೋ ಬೆಚ್ಚಗಿನ ಮಾತುಗಳು ದಾರಿಯಲ್ಲೇ ಉದುರಿವೆ. ಚೆಕೊವ್‌ನ ಒಂದು ಕತೆಯನ್ನು ಮೂಲದಿಂದಲೇ ಕನ್ನಡಕ್ಕೆ ತರುವ ಕೈಗಳು ನಮಗೆ ಬೇಕು. ಅಂಥ ಒಂದು ಕೈ ದೋಹಾದ ಫ್ಲ್ಯಾಟೊಂದರಲ್ಲಿ ಈಗ ವಿಭಕ್ತಿ ಪಟ್ಟಿ ಬರೆಯುತ್ತಿದೆ. ಮೊನ್ನೆ ಆ ಹುಡುಗಿಯ ಅಮ್ಮ ಫೋನ್ ಮಾಡಿದ್ದರು. ಫ್ರಿಜ್ಜಿನ ಮೇಲೆ, ಬಾಗಿಲ ಮೇಲೆ, ಅಕ್ಕಿ ಡಬ್ಬದ ಮೇಲೆ ರಷ್ಯನ್ ಹೆಸರಿನ ಚೀಟಿ ಅಂಟಿಸಿದ್ದಾಳಂತೆ. ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಬಾಗಿಲ ಚೀಟಿ ನೋಡಿ ‘ದ್ವೆರ್’ ಎಂದು ಓದುತ್ತಾರಂತೆ. ಸಂಸ್ಕೃತದ ‘ದ್ವಾರ’ಕ್ಕೆ ಅದು ದೂರದ ನೆಂಟ ಎಂದು ಮಗಳು ಹೇಳಿಕೊಟ್ಟಿದ್ದಾಳೆ.